ಬೆಳಕಿನ ಓಟವೂ ಗುರುತ್ವದ ಓಟವೂ



ಸಾರಕ್ಕಿಯ ಕೆರೆಯ ನಡುವೆ ಒಂದು ಕಲ್ಲು ಬಿದ್ದಿತೆಂದು ಭಾವಿಸೋಣ. ಬಿದ್ದ ಕ್ಷಣದಲ್ಲಿಯೇ ದಡದ ನೀರು ಅಲುಗುವುದಿಲ್ಲ. ಅಲೆಯೊಂದು ಎದ್ದು, ಬಳೆಯಂತೆ ಹರಡುತ್ತ ಹರಡುತ್ತ, ತನಗೆ ಬೇಕಾದಷ್ಟು ಕಾಲವನ್ನು ತೆಗೆದುಕೊಂಡು ದಡವನ್ನು ಮುಟ್ಟಬೇಕು. ಅದುವರೆಗೆ ದಡದಲ್ಲಿ ತೇಲುವ ಎಲೆಗೆ ನಡುನೀರಿನ ಸಮಾಚಾರ ತಿಳಿಯದು. ಇದೇ ಮಾತನ್ನು ಸೂರ್ಯನಿಗೂ ಭೂಮಿಗೂ ಅನ್ವಯಿಸಿ ನೋಡಬಹುದು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಸುಮಾರು ೮ ನಿಮಿಷ ೧೯ ಸೆಕೆಂಡು ಬೇಕು. ಆದುದರಿಂದ ನಾವು ಕಾಣುವುದು ಈಗಿನ ಸೂರ್ಯನನ್ನಲ್ಲ, ೮ ನಿಮಿಷದ ಹಿಂದಿನ ಸೂರ್ಯನನ್ನು. ಆದರೆ ಸೂರ್ಯನು ಭೂಮಿಯನ್ನು ಬೆಳಗುವುದು ಮಾತ್ರವಲ್ಲ, ತನ್ನ ಕಡೆಗೆ ಎಳೆಯುತ್ತಲೂ ಇದ್ದಾನೆ. ಈ ಎಳೆತಕ್ಕೂ ದಾರಿ ನಡೆಯಲು ಕಾಲ ಬೇಕೆ? ಬೇಕಾದರೆ ಅದರ ನಡೆ ಬೆಳಕಿಗಿಂತ ಚುರುಕೋ, ನಿಧಾನವೋ, ಅಥವಾ ಎರಡೂ ಸರಿಸಮವೋ?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಎಳೆತವು ಕಾಲವೇ ಇಲ್ಲದೆ ಬರುವುದಾದರೆ, ವಿಶ್ವದ ಒಂದು ಮೂಲೆಯಲ್ಲಿ ನಡೆದ ಸಂಗತಿ ಇನ್ನೊಂದು ಮೂಲೆಯಲ್ಲಿ ಆ ಕ್ಷಣವೇ ತಿಳಿದುಬರುವುದು ಸಾಧ್ಯ. ಕಾರಣವು ಮೊದಲು, ಕಾರ್ಯವು ಆಮೇಲೆ ಎಂಬ ನಮ್ಮ ಕ್ರಮಕ್ಕೇ ಆಗ ಧಕ್ಕೆ ಬರುತ್ತದೆ. ಈ ಪ್ರಶ್ನೆಗೆ ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ಪಂಡಿತರು ತರ್ಕದಿಂದಲೂ ಲೆಕ್ಕದಿಂದಲೂ ಉತ್ತರ ಹೇಳುತ್ತ ಬಂದರು. ಗಡಿಯಾರವನ್ನು ಹಿಡಿದು ನೇರವಾಗಿ ಅಳೆದ ಉತ್ತರ ದೊರೆತದ್ದು ೨೦೧೭ನೆಯ ಇಸವಿಯಲ್ಲಿ. ಆ ಚರಿತ್ರೆಯ ಒಂದೆರಡು ಮುಖ್ಯ ಪುಟಗಳು ನಮ್ಮ ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟವು. ಅದನ್ನು ತಮ್ಮ ಮುಂದೆ ಸಂಗ್ರಹವಾಗಿ ನಿವೇದಿಸುವುದೇ ಈ ಉಪನ್ಯಾಸದ ಉದ್ದೇಶ.

ಭೂಮಿಗೆ ಆಕರ್ಷಣ ಶಕ್ತಿಯುಂಟೆಂಬ ಅಭಿಪ್ರಾಯ ನಮ್ಮ ದೇಶದಲ್ಲಿ ಹಳೆಯದು. ೧೧೫೦ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ಸಿದ್ಧಾಂತ ಶಿರೋಮಣಿಯಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಆದರೆ ಎಳೆತಕ್ಕೆ ವೇಗವುಂಟೆ ಎಂಬ ಪ್ರಶ್ನೆ ಹುಟ್ಟಬೇಕಾದರೆ, ಮೊದಲು ಎಳೆತದ ಪ್ರಮಾಣಕ್ಕೆ ಒಂದು ಸೂತ್ರ ಸಿಕ್ಕಬೇಕು, ಬೆಳಕಿಗೂ ವೇಗವುಂಟೆಂಬುದು ಸ್ಥಿರಪಡಬೇಕು. ಈ ಎರಡೂ ಹದಿನೇಳನೆಯ ಶತಮಾನದ ಕೊನೆಯಲ್ಲಿ ಒಂದರ ಹಿಂದೆ ಒಂದು ಒದಗಿಬಂದುವು. ೧೬೭೬ರಲ್ಲಿ ಡೆನ್ಮಾರ್ಕಿನ ಓಲೆ ರೋಮರ್ ಎಂಬಾತನು ಗುರುಗ್ರಹದ ಚಂದ್ರನೊಂದರ ಗ್ರಹಣಗಳನ್ನು ಗಮನಿಸುತ್ತಿದ್ದನು. ಭೂಮಿಯು ಗುರುವಿನಿಂದ ದೂರ ಸರಿಯುತ್ತಿರುವಾಗ ಗ್ರಹಣಗಳು ತಡವಾಗಿಯೂ, ಹತ್ತಿರ ಬರುತ್ತಿರುವಾಗ ಬೇಗನೆಯೂ ಕಾಣುವುದನ್ನು ಕಂಡು, ಬೆಳಕಿಗೆ ದಾರಿ ನಡೆಯಲು ಕಾಲ ಬೇಕೆಂದು ಸಾರಿದನು. ೧೬೮೭ರಲ್ಲಿ ನ್ಯೂಟನ್ ಮಹಾಶಯನ ಪ್ರಿನ್ಸಿಪಿಯಾ ಪ್ರಕಟವಾಯಿತು. ಬೆಳಕಿಗೆ ಕಾಲ ಬೇಕು, ನ್ಯೂಟನ್ನನ ಎಳೆತಕ್ಕೆ ಮಾತ್ರ ಬೇಡ! ಆತನ ಸೂತ್ರದಲ್ಲಿ ಎರಡು ವಸ್ತುಗಳ ದ್ರವ್ಯರಾಶಿ ಇದೆ, ಅವುಗಳ ನಡುವಿನ ದೂರ ಇದೆ. ಕಾಲದ ಹೆಸರೇ ಇಲ್ಲ.

ಇದು ನ್ಯೂಟನ್ನನಿಗೆ ಸಮಾಧಾನವನ್ನು ಕೊಟ್ಟಿರಲಿಲ್ಲ. ೧೬೯೩ರಲ್ಲಿ ರಿಚರ್ಡ್ ಬೆಂಟ್ಲಿ ಎಂಬ ವಿದ್ವಾಂಸನಿಗೆ ಬರೆದ ಪತ್ರವೊಂದರಲ್ಲಿ, ನಡುವೆ ಯಾವ ಸಾಧನವೂ ಇಲ್ಲದೆ ಬರಿಯ ಶೂನ್ಯದ ಮೂಲಕ ಒಂದು ವಸ್ತು ಇನ್ನೊಂದರ ಮೇಲೆ ಪ್ರಭಾವ ಬೀರುವುದೆಂಬುದು ವಿಚಾರಶೀಲನು ಒಪ್ಪತಕ್ಕ ಮಾತಲ್ಲವೆಂಬ ಅರ್ಥದಲ್ಲಿ ಆತನು ಹೇಳಿಕೊಂಡಿರುವನು. ಆದರೂ ಸೂತ್ರವು ಗ್ರಹಗಳ ಗತಿಯನ್ನು ಚೊಕ್ಕಟವಾಗಿ ಹೇಳುತ್ತಿದ್ದುದರಿಂದ, ಮೂಲದ ಸಂದೇಹವನ್ನು ಜನರು ಬದಿಗಿಟ್ಟು ಲೆಕ್ಕವನ್ನು ಮುಂದುವರಿಸಿದರು.

ಎಳೆತದ ವೇಗವನ್ನು ಲೆಕ್ಕಕ್ಕೆ ಎಳೆದು ತಂದ ಧೀರನು ಫ್ರಾನ್ಸಿನ ಲಾಪ್ಲಾಸ್. ಆತನ ಯುಕ್ತಿಯನ್ನು ಮಳೆಯ ಉದಾಹರಣೆಯಿಂದ ತಿಳಿಯಬಹುದು. ನೆಟ್ಟಗೆ ಬೀಳುವ ಮಳೆಯಲ್ಲಿ ನಿಂತವನು ಕೊಡೆಯನ್ನು ನೆಟ್ಟಗೆ ಹಿಡಿದರೆ ಸಾಕು. ಬಿರುಸಾಗಿ ನಡೆಯುವವನು ಮುಂದಕ್ಕೆ ಬಾಗಿಸಿ ಹಿಡಿಯಬೇಕು. ಏತಕ್ಕೆಂದರೆ ಆತನ ನಡಿಗೆಯಿಂದ ಮಳೆಯೇ ಓರೆಯಾಗಿ ಬಂದಂತೆ ಆಗುತ್ತದೆ. ಎಳೆತವೂ ಮಳೆಯ ಹನಿಯಂತೆ ಒಂದು ಮಿತವಾದ ವೇಗದಿಂದ ಬರುವುದಾದರೆ, ಓಡುತ್ತಿರುವ ಚಂದ್ರನಿಗೂ ಗ್ರಹಗಳಿಗೂ ಅದು ಕಿಂಚಿತ್ತು ಓರೆಯಾಗಿ ಬಂದು ತಾಕಬೇಕು. ಆ ಓರೆ ಎಷ್ಟೇ ಅಲ್ಪವಾಗಿರಲಿ, ಶತಮಾನಗಳು ಕಳೆದಂತೆ ಕಕ್ಷೆಯು ಬದಲಾಗಲೇಬೇಕು. ಪುರಾತನ ಗ್ರಹಣಗಳ ದಾಖಲೆಗಳಿಂದ ಚಂದ್ರನ ಗತಿ ತಕ್ಕಮಟ್ಟಿಗೆ ತಿಳಿದಿತ್ತು. ಅಂಥ ಓರೆಗೆ ಅದರಲ್ಲಿ ಎಷ್ಟು ಅವಕಾಶವುಂಟೆಂದು ಲೆಕ್ಕ ಹಾಕಿ, ೧೮೦೫ರಲ್ಲಿ ಪ್ರಕಟವಾದ ತನ್ನ ಖಗೋಳ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಲಾಪ್ಲಾಸನು ತೀರ್ಪು ಕೊಟ್ಟನು. ಎಳೆತದ ವೇಗ ಬೆಳಕಿನ ವೇಗಕ್ಕಿಂತ ಕಡಮೆಯೆಂದರೂ ೭೦ ಲಕ್ಷ ಪಾಲು ಹೆಚ್ಚಾಗಿರಬೇಕು ಎಂಬುದೇ ಆ ತೀರ್ಪು. ಮತ್ತೊಂದು ವಿಧವಾಗಿ ನೋಡಿದರೆ ಅದು ಇನ್ನೂ ಹೆಚ್ಚಾಗಬೇಕೆಂದೂ ಆತನು ಹೇಳಿದನು. ಹೀಗೆ ಎಳೆತವು ಕ್ಷಣಮಾತ್ರವೂ ತಡೆಯದು ಎಂಬ ನಂಬಿಕೆಗೆ ಒಬ್ಬ ಮಹಾಗಣಿತಜ್ಞನ ಮುದ್ರೆ ಬಿದ್ದಿತು.

ಲೆಕ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ಎಳೆತವು ಮಳೆಯ ಹನಿಯಂಥದೆಂಬ ಭಾವನೆಯಲ್ಲಿ. ಇದು ಹೊರಪಟ್ಟುದು ವಿದ್ಯುಚ್ಛಕ್ತಿಯ ಶಾಸ್ತ್ರದಿಂದ. ೧೮೬೫ರಲ್ಲಿ ಮ್ಯಾಕ್ಸ್‌ವೆಲ್ ಮಹಾಶಯನು ವಿದ್ಯುತ್ತಿನ ಮತ್ತು ಕಾಂತದ ಪ್ರಭಾವಗಳು ಬೆಳಕಿನ ವೇಗದಿಂದ ಹರಡುವುವೆಂದು ತೋರಿಸಿದನು. ಅದೇ ಸಮೀಕರಣಗಳಿಂದ ಒಂದು ಸ್ವಾರಸ್ಯವಾದ ಸಂಗತಿಯೂ ಹೊರಡುತ್ತದೆ. ಒಂದೇ ವೇಗದಿಂದ ನೇರವಾಗಿ ಸಾಗುತ್ತಿರುವ ವಿದ್ಯುತ್ಕಣವೊಂದರ ಎಳೆತ, ಬೆಳಕಿನ ವೇಗದಿಂದಲೇ ಬಂದರೂ, ಕಣವು ಹಿಂದೆ ಇದ್ದ ಜಾಗದ ಕಡೆಗೆ ತೋರಿಸುವುದಿಲ್ಲ, ಈಗ ಇರುವ ಜಾಗದ ಕಡೆಗೇ ತೋರಿಸುತ್ತದೆ. ಹೊರಟ ಪ್ರಭಾವವು ತನ್ನೊಡನೆ ಕಣದ ಸ್ಥಾನವನ್ನಷ್ಟೇ ಅಲ್ಲದೆ ಅದರ ನಡೆಯ ವಾರ್ತೆಯನ್ನೂ ಹೊತ್ತು ತರುವುದೇ ಇದಕ್ಕೆ ಕಾರಣ. ಗುರುತ್ವದ ವಿಷಯದಲ್ಲಿಯೂ ಹೀಗೆಯೇ ಇದ್ದರೆ ಲಾಪ್ಲಾಸನು ನಿರೀಕ್ಷಿಸಿದ ಓರೆಯ ಬಹುಭಾಗ ತಾನಾಗಿ ವಜಾ ಆಗಿಬಿಡುತ್ತದೆ. ಆಗ ಎಳೆತದ ವೇಗ ಬೆಳಕಿನದಕ್ಕೆ ಸಮನಾಗಿದ್ದರೂ ಗ್ರಹಗಳ ಕಕ್ಷೆಗೆ ಬಾಧಕವಿಲ್ಲ.

೧೯೦೫ರಲ್ಲಿ ಪ್ವಾಂಕಾರೆ ಎಂಬ ಫ್ರೆಂಚ್ ವಿದ್ವಾಂಸನು, ಗುರುತ್ವವು ಬೆಳಕಿನ ವೇಗದಿಂದ ಅಲೆಯಾಗಿ ಹರಡಬೇಕೆಂದು ಸೂಚಿಸಿದನು. ಹತ್ತು ವರ್ಷಗಳ ಅನಂತರ, ೧೯೧೫ರ ನವೆಂಬರಿನಲ್ಲಿ, ಐನ್‌ಸ್ಟೈನ್ ಮಹಾಶಯನು ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವನ್ನು ಪೂರ್ಣಗೊಳಿಸಿದನು. ಅದರ ಪ್ರಕಾರ ಗುರುತ್ವವೆಂಬುದು ದೂರದಿಂದ ಎಳೆಯುವ ಹಗ್ಗವಲ್ಲ. ದೇಶಕಾಲಗಳ ನೇಯ್ಗೆಯಲ್ಲಿಯೇ ಉಂಟಾಗುವ ಬಾಗು. ಭಾರವಾದ ವಸ್ತುಗಳು ಅತ್ತಿತ್ತ ಸುಳಿದಾಡಿದರೆ ಆ ನೇಯ್ಗೆಯಲ್ಲಿ ಅಲೆಗಳು ಏಳಬೇಕೆಂದೂ, ಅವು ಬೆಳಕಿನ ವೇಗದಿಂದ, ಎಂದರೆ ಸೆಕೆಂಡಿಗೆ ಸುಮಾರು ೨,೯೯,೭೯೨ ಕಿಲೋಮೀಟರು ವೇಗದಿಂದ, ಓಡಬೇಕೆಂದೂ ೧೯೧೬ರಲ್ಲಿ ಆತನು ಬರೆದನು. ಈ ವೇಗ ಬೆಳಕಿನ ಸ್ವಂತ ಸೊತ್ತಲ್ಲ. ಪ್ರಕೃತಿಯಲ್ಲಿ ಯಾವ ವಾರ್ತೆಯೇ ಆಗಲಿ ಮೀರಲಾರದ ಮೇರೆ. ದ್ರವ್ಯಭಾರವಿಲ್ಲದ ಯಾವುದಾದರೂ ಅದೇ ಮೇರೆಯಲ್ಲಿ ಓಡತಕ್ಕದ್ದು. ಬೆಳಕೂ ಗುರುತ್ವದ ಅಲೆಯೂ ಸಮನಾಗುವುದು ಈ ಕಾರಣದಿಂದಲೇ.

ಆದರೆ ಸಿದ್ಧಾಂತವೇ ಬೇರೆ, ಪ್ರಮಾಣವೇ ಬೇರೆ. ಈ ಅಲೆಗಳು ನಿಜವೋ, ಅಥವಾ ಗಣಿತದ ಬರಹದಲ್ಲಿ ಮಾತ್ರ ಕಾಣುವ ನೆರಳುಗಳೋ ಎಂಬ ಸಂದೇಹ ಬಹುಕಾಲ ಉಳಿಯಿತು. ೧೯೨೨ರಲ್ಲಿ ಎಡ್ಡಿಂಗ್ಟನ್ ಮಹಾಶಯನು, ಐನ್‌ಸ್ಟೈನನು ಹೇಳಿದ ಅಲೆಗಳಲ್ಲಿ ಕೆಲವು ಬಗೆಯವು ಬರೆಯುವವನ ಇಷ್ಟದಂತೆ ಯಾವ ವೇಗದಿಂದಾದರೂ ಓಡುವುವೆಂದು ತೋರಿಸಿ, ಅವುಗಳ ವೇಗ ಮನೋವೇಗವೆಂದು ಹಾಸ್ಯ ಮಾಡಿದನು. ಉಳಿದ ಒಂದು ಬಗೆ ಮಾತ್ರ ನಿಶ್ಚಯವಾಗಿ ಬೆಳಕಿನ ವೇಗದ್ದು. ೧೯೩೬ರಲ್ಲಿ ಐನ್‌ಸ್ಟೈನನೇ ಅಲೆಗಳಿಲ್ಲವೆಂಬ ತೀರ್ಮಾನಕ್ಕೆ ಒಮ್ಮೆ ಬಂದು, ಆಮೇಲೆ ಲೆಕ್ಕವನ್ನು ತಿದ್ದಿಕೊಂಡನು. ೧೯೫೭ರಲ್ಲಿ ಅಮೆರಿಕದ ಚಾಪೆಲ್ ಹಿಲ್ಲಿನಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ, ಅಲೆಗಳು ಶಕ್ತಿಯನ್ನು ಹೊರುವುವೆಂಬ ವಾದಕ್ಕೆ ಬಲ ಬಂದಿತು.

ಮೊದಲನೆಯ ದೃಢವಾದ ಸಾಕ್ಷಿ ಆಕಾಶದಿಂದಲೇ ಬಂತು. ೧೯೭೪ರಲ್ಲಿ ಹಲ್ಸ್ ಮತ್ತು ಟೇಲರ್ ಎಂಬಿಬ್ಬರು, ಒಂದನ್ನೊಂದು ಸುಮಾರು ೭ ಮುಕ್ಕಾಲು ಗಂಟೆಗೊಮ್ಮೆ ಸುತ್ತುವ ಎರಡು ನ್ಯೂಟ್ರಾನ್ ನಕ್ಷತ್ರಗಳನ್ನು ಕಂಡುಹಿಡಿದರು. ಸೂರ್ಯನಿಗಿಂತ ಹೆಚ್ಚು ದ್ರವ್ಯವನ್ನು ಒಂದು ಊರಿನಷ್ಟು ಅಗಲದ ಉಂಡೆಯಲ್ಲಿ ಅಡಕಿಟ್ಟಂಥ ನಕ್ಷತ್ರಗಳಿವು. ವರ್ಷಗಟ್ಟಲೆ ಗಮನಿಸಲಾಗಿ, ಅವುಗಳ ಸುತ್ತಿನ ಅವಧಿ ವರ್ಷಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ೭೬ ಪಾಲಿನಷ್ಟು ಕುಗ್ಗುತ್ತಿರುವುದು ತಿಳಿದುಬಂತು. ಅಲೆಗಳು ಬೆಳಕಿನ ವೇಗದಿಂದ ಶಕ್ತಿಯನ್ನು ಹೊತ್ತೊಯ್ದರೆ ಎಷ್ಟು ಕುಗ್ಗಬೇಕೋ ಅಷ್ಟೇ! ಲಾಪ್ಲಾಸನು ಚಂದ್ರನಲ್ಲಿ ಹುಡುಕಿದ ಕಕ್ಷೆಯ ಬದಲಾವಣೆ ಇದೇ ಎಂದರೂ ಸಲ್ಲುವುದು. ಓರೆಯ ಬಹುಭಾಗ ವಜಾ ಆಗಿ, ಉಳಿದ ಅತ್ಯಲ್ಪವಾದ ಶೇಷವೇ ಅಲೆಯಾಗಿ ಹೊರಟುಹೋಗುತ್ತದೆ. ಆತನು ಹುಡುಕಿದ ವಸ್ತು ಇತ್ತು. ಆದರೆ ಆತನು ಎಣಿಸಿದುದಕ್ಕಿಂತ ಲೆಕ್ಕವಿಲ್ಲದಷ್ಟು ಚಿಕ್ಕದಾಗಿತ್ತು. ೧೯೯೩ರಲ್ಲಿ ಹಲ್ಸ್ ಮತ್ತು ಟೇಲರರಿಗೆ ನೊಬೆಲ್ ಪಾರಿತೋಷಕ ಸಂದಿತು.

ಈಗ ಬೆಂಗಳೂರಿನ ಕಡೆಗೆ ಬರೋಣ. ೧೯೩೮ರಲ್ಲಿ ಈ ನಗರದಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರರವರು ಕನ್ನಡದ ಹಿರಿಯ ಲೇಖಕರಾದ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಎಂಬ ಆಚಾರ್ಯರ ಬಳಿ ಸಂಶೋಧನೆ ಮಾಡಿದರು. ಕಪ್ಪುಕುಳಿ ಎಂದು ನಾವು ಇಂದು ಕರೆಯುವ ವಸ್ತುವಿಗೆ ಆಗಿನ್ನೂ ಆ ಹೆಸರೇ ಹೊಸದು. ಅಂಥ ವಸ್ತು ಜಗತ್ತಿನಲ್ಲಿ ಇರುವುದೆಂದು ನಂಬಿದವರೂ ವಿರಳ. ವಿಶ್ವೇಶ್ವರರು ಕೈಗೊಂಡ ಪ್ರಶ್ನೆ ಸರಳವಾಗಿತ್ತು. ಕಪ್ಪುಕುಳಿಯೊಂದರ ಮೇಲೆ ಗುರುತ್ವದ ಅಲೆಯೊಂದು ಬಡಿದರೆ ಏನಾಗುವುದು? ದೇವಾಲಯದ ಗಂಟೆಯನ್ನು ಬಡಿದರೆ ಅದು ತನ್ನದೇ ಆದ ಸ್ವರದಿಂದ ಮೊಳಗಿ, ಕ್ರಮೇಣ ಸ್ವರವು ಅಡಗುತ್ತದೆ. ಆ ಸ್ವರದಿಂದಲೇ ಗಂಟೆ ಕಿರಿದೋ ಹಿರಿದೋ ಎಂದು ಹೇಳಬಹುದು. ಕಪ್ಪುಕುಳಿಯೂ ಹಾಗೆಯೇ ಮೊಳಗಿ ಅಡಗಬೇಕು, ಆ ಮೊಳಗಿನಲ್ಲಿ ಅದರ ದ್ರವ್ಯರಾಶಿಯ ಗುರುತು ಇರಬೇಕು ಎಂಬುದನ್ನು ೧೯೭೦ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಪ್ರಕಟಿಸಿದರು.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ, ಅನಂತರ ಭಾರತೀಯ ಖಗೋಳಭೌತ ಸಂಸ್ಥೆಯಲ್ಲಿಯೂ ಅವರು ಕಾರ್ಯ ನಡೆಸಿದರು. ೧೯೮೯ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ತಾರಾಲಯಕ್ಕೆ ಅವರೇ ಸ್ಥಾಪಕ ನಿರ್ದೇಶಕರು. ಸಾರಕ್ಕಿಯಿಂದ ಉತ್ತರಕ್ಕೆ ಹತ್ತು ಕಿಲೋಮೀಟರಿಗೂ ಕಡಮೆ ದೂರದಲ್ಲಿರುವ ಆ ಗುಮ್ಮಟದ ಕೆಳಗೆ, ನಮ್ಮ ನಗರದ ಎಷ್ಟೋ ಮಕ್ಕಳು ಮೊದಲ ಬಾರಿಗೆ ನಕ್ಷತ್ರಗಳನ್ನು ಹೆಸರು ಹಿಡಿದು ಗುರುತಿಸಿದ್ದಾರೆ. ವಿಶ್ವೇಶ್ವರರು ವ್ಯಂಗ್ಯಚಿತ್ರಗಳನ್ನೂ ಬರೆಯುತ್ತಿದ್ದರು. ಗಹನವಾದ ಶಾಸ್ತ್ರವನ್ನು ನಗುನಗುತ್ತ ಹೇಳುವ ಕಲೆ ಅವರಿಗೆ ಒಲಿದಿತ್ತು.

ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೇ ಇದ್ದ ಬಾಲಾ ಅಯ್ಯರ್‌ರವರ ಕಾರ್ಯ ಇನ್ನೊಂದು ಬಗೆಯದು. ಎರಡು ಭಾರವಾದ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ, ಅಲೆಗಳ ಮೂಲಕ ಶಕ್ತಿಯನ್ನು ಕಳೆದುಕೊಳ್ಳುತ್ತ, ಹತ್ತಿರ ಹತ್ತಿರ ಬರುವಾಗ, ಅಲೆಯ ರೂಪ ಕ್ಷಣಕ್ಷಣಕ್ಕೂ ಹೇಗಿರಬೇಕು? ಮೇಲೆ ಹೇಳಿದ ಆ ಅತ್ಯಲ್ಪವಾದ ಶೇಷವನ್ನು ಅತಿ ಸೂಕ್ಷ್ಮವಾಗಿ ಲೆಕ್ಕ ಹಾಕುವ ಕೆಲಸವಿದು. ೧೯೯೫ರಲ್ಲಿ ಬ್ಲಾಂಶೆ, ದಾಮೂರ್, ವಿಲ್ ಮತ್ತು ವೈಸ್‌ಮನ್‌ರೊಡನೆ ಅಯ್ಯರ್‌ರವರು ಪ್ರಕಟಿಸಿದ ಲೆಕ್ಕ ಈ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆ. ಗದ್ದಲದ ಸಂತೆಯಲ್ಲಿ ಪರಿಚಿತರ ದನಿಯನ್ನು ಗುರುತಿಸಬೇಕಾದರೆ ಆ ದನಿ ಹೇಗಿರುವುದೆಂದು ಮೊದಲೇ ಗೊತ್ತಿರಬೇಕಷ್ಟೆ. ಉಪಕರಣದ ಗದ್ದಲದಲ್ಲಿ ಅಲೆಯನ್ನು ಗುರುತಿಸಲು ಈ ಲೆಕ್ಕಗಳು ಹಾಗೆಯೇ ಬೇಕಾಗಿದ್ದುವು. ಇವೆಲ್ಲ ನಡೆದದ್ದು ಅಲೆಯೊಂದನ್ನಾದರೂ ಯಾರೂ ನೇರವಾಗಿ ಕಾಣದಿದ್ದ ಕಾಲದಲ್ಲಿ ಎಂಬುದನ್ನು ಶ್ರೋತೃಗಳು ಗಮನಿಸಬೇಕು.

೨೦೧೫ನೆಯ ಸೆಪ್ಟೆಂಬರ್ ೧೪ರಂದು ಆ ದಿನ ಬಂತು. ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್ ಎಂಬ ಎರಡು ಊರುಗಳಲ್ಲಿ ಲೈಗೊ ಎಂಬ ಜೋಡಿ ಉಪಕರಣವಿದೆ. ಒಂದೊಂದಕ್ಕೂ ೪ ಕಿಲೋಮೀಟರು ಉದ್ದದ ಎರಡು ತೋಳುಗಳು. ಅಲೆ ಹಾಯ್ದಾಗ ತೋಳುಗಳ ಉದ್ದದಲ್ಲಿ ಆಗುವ ವ್ಯತ್ಯಾಸ ಒಂದು ಪ್ರೋಟಾನಿನ ಅಗಲದ ಸಾವಿರ ಪಾಲುಗಳಲ್ಲಿ ಕೆಲವೇ ಪಾಲು. ಅಂದು ಎರಡು ಕಪ್ಪುಕುಳಿಗಳು ಕೂಡಿಕೊಂಡ ವಾರ್ತೆ ಮೊದಲು ಲಿವಿಂಗ್‌ಸ್ಟನ್ನಿಗೂ, ಒಂದು ಸೆಕೆಂಡಿನ ಸಾವಿರ ಪಾಲುಗಳಲ್ಲಿ ಸುಮಾರು ೭ ಪಾಲು ಕಳೆದ ಮೇಲೆ ಹ್ಯಾನ್‌ಫರ್ಡಿಗೂ ಬಂದು ಮುಟ್ಟಿತು. ಕೊನೆಯಲ್ಲಿ ವಿಶ್ವೇಶ್ವರರು ಹೇಳಿದ್ದ ಗಂಟೆಯ ಮೊಳಗಿಗೆ ಒಪ್ಪುವ ಸ್ವರವೂ ಇತ್ತು. ೨೦೧೬ರ ಫೆಬ್ರವರಿ ೧೧ರಂದು ಇದನ್ನು ಲೋಕಕ್ಕೆ ಸಾರಿದಾಗ, ತಮ್ಮ ಲೇಖನ ಪ್ರಕಟವಾದ ೪೬ ವರ್ಷಗಳ ಅನಂತರ ಅದನ್ನು ಕೇಳುವ ಸಂತೋಷ ಅವರಿಗೆ ಲಭಿಸಿತು.

ಆದರೆ ವೇಗದ ಪ್ರಶ್ನೆ ಇದರಿಂದ ಪೂರ್ತಿ ತೀರಲಿಲ್ಲ. ಎರಡು ಊರುಗಳ ನಡುವಣ ದೂರ ಸುಮಾರು ೩,೦೦೦ ಕಿಲೋಮೀಟರು ಮಾತ್ರ. ಅಲೆ ಯಾವ ದಿಕ್ಕಿನಿಂದ ಬಂತೆಂಬುದೂ ನಿಖರವಾಗಿ ಗೊತ್ತಿಲ್ಲ. ಮೊದಲ ಕೆಲವು ಅಲೆಗಳನ್ನು ಸೇರಿಸಿ ಲೆಕ್ಕ ಹಾಕಿದರೂ, ಗುರುತ್ವದ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಒಂದೂವರೆಗಿಂತ ಸ್ವಲ್ಪ ಕಡಮೆ ಎಂದಷ್ಟೇ ಹೇಳಬಹುದಾಗಿತ್ತು. ನಿಜವಾದ ಪಂದ್ಯ ನಡೆಯಬೇಕಾದರೆ ಒಂದೇ ಊರಿನಿಂದ, ಒಂದೇ ಹೊತ್ತಿಗೆ, ಬೆಳಕೂ ಗುರುತ್ವವೂ ಹೊರಡಬೇಕು. ದಾರಿ ಬಹು ದೀರ್ಘವಾಗಿರಬೇಕು. ಕಪ್ಪುಕುಳಿಗಳು ಕೂಡಿಕೊಂಡರೆ ಬೆಳಕು ಹೊರಡುವ ನಿರೀಕ್ಷೆಯಿಲ್ಲ. ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದರೆ ಮಾತ್ರ ಎರಡೂ ಹೊರಡಬಹುದು.

ಅಂಥದು ೨೦೧೭ರ ಆಗಸ್ಟ್ ೧೭ರಂದು ಒದಗಿತು. ನಮ್ಮ ಗಡಿಯಾರಗಳಲ್ಲಿ ಆಗ ಸಂಜೆ ೬ ಗಂಟೆ ೧೧ ನಿಮಿಷ ೪ ಸೆಕೆಂಡು. ಸಾರಕ್ಕಿಯಲ್ಲಿ ಸೂರ್ಯಾಸ್ತಕ್ಕೆ ಇನ್ನೂ ಸುಮಾರು ಅರ್ಧ ಗಂಟೆ ಇತ್ತು. ನೈಋತ್ಯದ ಆಕಾಶದಲ್ಲಿ, ದಿಗಂತದಿಂದ ಸುಮಾರು ೪೦ ಅಂಶ ಮೇಲೆ, ಹಗಲಿನ ಬೆಳಕಿನಲ್ಲಿ ಕಾಣದಂತೆ, ಚಿತ್ತಾ ನಕ್ಷತ್ರದ ದಕ್ಷಿಣಕ್ಕೆ ಒಂದು ಗೆಲಾಕ್ಸಿ ಇದ್ದಿತು. ಅದರ ಹೆಸರು ಎನ್‌ಜಿಸಿ ೪೯೯೩. ಅದಿರುವುದು ಹೈಡ್ರಾ ಎಂಬ ಸರ್ಪಮಂಡಲದಲ್ಲಿ. ನಮ್ಮ ಆಶ್ಲೇಷಾ ನಕ್ಷತ್ರ ಅದೇ ಸರ್ಪದ ತಲೆ. ಸುಮಾರು ೧೩ ಕೋಟಿ ವರ್ಷಗಳ ಹಿಂದೆ ಅಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಒಂದಾಗಿದ್ದುವು. ಆ ಅಲೆ ಅಂದು ಭೂಮಿಗೆ ಬಂದು ತಾಕಿತು. ದಿಕ್ಕನ್ನು ಹಿಡಿದು ಲೆಕ್ಕ ಹಾಕಿದರೆ, ಅದು ಮೊದಲು ಹಿಂದೂ ಮಹಾಸಾಗರದ ಪಡುವಣ ಭಾಗವನ್ನು ಮುಟ್ಟಿ, ಬೆಂಗಳೂರನ್ನು ಹಾಯ್ದು, ಅದಾದ ಮೇಲೆ ಒಂದು ಸೆಕೆಂಡಿನ ಸಾವಿರ ಪಾಲುಗಳಲ್ಲಿ ಸುಮಾರು ೭ ಪಾಲು ಕಳೆದು ಇಟಲಿಯ ವರ್ಗೊ ಎಂಬ ಉಪಕರಣವನ್ನು ಸೇರಿತು. ಅಲ್ಲಿಂದ ೨೨ ಪಾಲು ಕಳೆದ ಮೇಲೆ ಲಿವಿಂಗ್‌ಸ್ಟನ್ನಿಗೆ; ಮತ್ತೆ ೩ ಪಾಲು ಕಳೆದ ಮೇಲೆ ಹ್ಯಾನ್‌ಫರ್ಡಿಗೆ. ಕನಕಪುರದ ರಸ್ತೆಯಲ್ಲಿ ಸಂಜೆಯ ಸಂಚಾರದ ನಡುವೆ ಇದ್ದವರು, ಅಡುಗೆ ಮನೆಯಲ್ಲಿ ಇದ್ದವರು, ಎಲ್ಲರ ದೇಹದ ಮೂಲಕವೂ ಆ ಅಲೆ ಹಾಯ್ದುಹೋಯಿತು. ಯಾರಿಗೂ ತಿಳಿಯಲಿಲ್ಲ.

೧.೭೪ ಸೆಕೆಂಡು ಕಳೆಯಿತು. ಭೂಮಿಯನ್ನು ಸುತ್ತುತ್ತಿದ್ದ ಫರ್ಮಿ ಎಂಬ ಉಪಗ್ರಹಕ್ಕೆ ಗ್ಯಾಮಾ ಕಿರಣಗಳ ಒಂದು ಹೊಳಪು ಬಂದು ಬಡಿಯಿತು. ಗ್ಯಾಮಾ ಕಿರಣವೂ ಬೆಳಕಿನ ಜಾತಿಯೇ, ವೇಗವೂ ಅದೇ. ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾಗಿ ೨೦೧೫ರ ಸೆಪ್ಟೆಂಬರ್ ೨೮ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹಕ್ಕೆ ಆ ಹೊಳಪು ಕಾಣಲಿಲ್ಲ. ಆ ಹೊತ್ತಿಗೆ ಭೂಮಿಯೇ ಅದಕ್ಕೆ ಮರೆಯಾಗಿತ್ತು. ಕಾಣದಿದ್ದುದೂ ಒಂದು ಸಾಕ್ಷಿಯೇ ಆಯಿತು. ಭೂಮಿಯ ಮರೆಯಲ್ಲಿರುವ ಆಕಾಶದಲ್ಲಿಯೇ ಮೂಲವಿರಬೇಕೆಂದು ಹುಡುಕಬೇಕಾದ ಪ್ರದೇಶ ಕಿರಿದಾಯಿತು. ಸುಮಾರು ೧೧ ಗಂಟೆಗಳ ಅನಂತರ ಚಿಲಿ ದೇಶದ ದೂರದರ್ಶಕವೊಂದು ಆ ಗೆಲಾಕ್ಸಿಯಲ್ಲಿ ಹೊಸ ಬೆಳಕನ್ನು ಕಂಡಿತು. ಗುರುತ್ವವೂ ಬೆಳಕೂ ಒಂದೇ ಊರಿನಿಂದ ಹೊರಟವೆಂಬುದು ಇದರಿಂದ ನಿಶ್ಚಯವಾಯಿತು.

ಹಾಗಾದರೆ ಗುರುತ್ವವು ೧.೭೪ ಸೆಕೆಂಡು ಮುಂದಾಗಿ ಬಂತಲ್ಲ, ಅದೇ ಹೆಚ್ಚು ವೇಗವೆ? ಇಲ್ಲಿ ಅವಸರ ಸಲ್ಲದು. ಒಂದೇ ಮದುವೆಯ ಮನೆಯಿಂದ ಇಬ್ಬರು ಹೊರಟು ಒಬ್ಬನು ಮೊದಲು ಊರು ಸೇರಿದರೆ, ಅವನು ಬೇಗ ನಡೆದನೋ, ಇನ್ನೊಬ್ಬನು ತಡವಾಗಿ ಎದ್ದನೋ ಎಂದು ವಿಚಾರಿಸಬೇಕು. ನಕ್ಷತ್ರಗಳು ಸುತ್ತುತ್ತಿರುವಾಗಲೇ ಗುರುತ್ವದ ಅಲೆಗಳು ಹೊರಡುತ್ತಿರುತ್ತವೆ. ಗ್ಯಾಮಾ ಕಿರಣವಾದರೋ, ಡಿಕ್ಕಿಯಾದ ಮೇಲೆ ಸಿಡಿದ ದ್ರವ್ಯದಿಂದ ಒಂದು ಧಾರೆ ಚಿಮ್ಮಿ, ಸುತ್ತಲಿನ ಮುಸುಕನ್ನು ಸೀಳಿಕೊಂಡು ಹೊರಬಂದ ಮೇಲೆ ಹೊರಡತಕ್ಕದ್ದು. ಆದುದರಿಂದ ವಿದ್ವಾಂಸರು ಎರಡು ತುದಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಎರಡೂ ಒಂದೇ ಕ್ಷಣದಲ್ಲಿ ಹೊರಟವೆಂದು ಒಂದು ತುದಿ. ಬೆಳಕು ೧೦ ಸೆಕೆಂಡು ತಡವಾಗಿ ಹೊರಟಿತೆಂದು ಇನ್ನೊಂದು ತುದಿ. ದೂರವನ್ನೂ ಬೇಕೆಂದೇ ಕಡಮೆಯಾಗಿ ಹಿಡಿದರು. ಹೀಗೆ ಎಚ್ಚರಿಕೆಯಿಂದ ಎಣಿಸಿದರೂ ಬಂದ ಉತ್ತರ ಬೆರಗುಗೊಳಿಸುವಂಥದು. ಒಂದರ ಮುಂದೆ ೧೫ ಸೊನ್ನೆಗಳನ್ನು ಬರೆದರೆ ಬರುವ ಸಂಖ್ಯೆಯಷ್ಟು ಪಾಲುಗಳಾಗಿ ಬೆಳಕಿನ ವೇಗವನ್ನು ಹಂಚಿದರೆ, ಗುರುತ್ವದ ವೇಗ ಅದಕ್ಕಿಂತ ೩ ಪಾಲಿಗಿಂತ ಹೆಚ್ಚು ಕಡಮೆಯಾಗಲಾರದು. ಮುಕ್ಕಾಲು ಪಾಲಿನಷ್ಟೂ ಹೆಚ್ಚಾಗಲಾರದು.

ಇದನ್ನು ನಮ್ಮ ಅಳತೆಗೆ ತಂದುಕೊಳ್ಳೋಣ. ಸೂರ್ಯನಿಂದ ಭೂಮಿಗೆ ೧೫ ಕೋಟಿ ಕಿಲೋಮೀಟರು. ಅಷ್ಟು ದೂರ ಬೆಳಕನ್ನೂ ಗುರುತ್ವವನ್ನೂ ಜೊತೆಯಲ್ಲಿ ಓಡಲು ಬಿಟ್ಟರೆ, ಗುರಿ ಮುಟ್ಟುವಾಗ ಅವುಗಳ ನಡುವೆ ಇರಬಹುದಾದ ಅಂತರ ಅರ್ಧ ಮಿಲಿಮೀಟರಿಗೂ ಕಡಮೆ. ಒಂದು ರಾಗಿಯ ಕಾಳಿನ ಅಗಲವೂ ಇಲ್ಲ. ೭೦ ಲಕ್ಷ ಪಾಲು ಹೆಚ್ಚೆಂದು ೧೮೦೫ರಲ್ಲಿ ಬಂದಿದ್ದ ತೀರ್ಪು, ೨೦೧೭ರ ಅಕ್ಟೋಬರ್ ೧೬ರಂದು ಈ ಸಂಗತಿ ಪ್ರಕಟವಾದಾಗ, ರಾಗಿಯ ಕಾಳಿನೊಳಗೆ ಬಂದು ನಿಂತಿತು.

ಇದರಿಂದ ಆದ ಪ್ರಯೋಜನವೇನೆಂದು ಕೇಳಬಹುದು. ವಿಶ್ವವು ದಿನದಿನಕ್ಕೆ ಹೆಚ್ಚುವ ವೇಗದಿಂದ ಹಿಗ್ಗುತ್ತಿರುವುದೇಕೆಂದು ವಿವರಿಸಲು, ಐನ್‌ಸ್ಟೈನನ ಸಿದ್ಧಾಂತವನ್ನು ತಿದ್ದಿ ಹಲವರು ಹೊಸ ಸಿದ್ಧಾಂತಗಳನ್ನು ಕಟ್ಟಿದ್ದರು. ಅವುಗಳಲ್ಲಿ ಕೆಲವಕ್ಕೆ ಗುರುತ್ವದ ವೇಗ ಬೆಳಕಿನ ವೇಗಕ್ಕಿಂತ ಬೇರೆಯಾಗಿರುವುದು ಅಗತ್ಯವಾಗಿತ್ತು. ಎಷ್ಟೋ ವರ್ಷಗಳ ಶ್ರಮದಿಂದ ಕಟ್ಟಿದ ಆ ಮಂದಿರಗಳಲ್ಲಿ ಅನೇಕವು ೧.೭೪ ಸೆಕೆಂಡಿನಲ್ಲಿ ಉರುಳಿದುವು. ಕಟ್ಟಿದವರಲ್ಲಿ ಹಲವರು ಅದನ್ನು ತಾವೇ ಮೊದಲಾಗಿ ಬರೆದು ಒಪ್ಪಿಕೊಂಡರು. ಶಾಸ್ತ್ರದ ಗೌರವ ಇರುವುದು ಇಂಥ ಒಪ್ಪಿಗೆಯಲ್ಲಿ.

ಆದರೂ ಕಥೆ ಮುಗಿಯಿತೆಂದು ಹೇಳತಕ್ಕದ್ದಲ್ಲ. ಗುರುತ್ವವನ್ನೂ ಅಣುಲೋಕದ ಕ್ವಾಂಟಮ್ ಶಾಸ್ತ್ರವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಕೆಲಸ ಉಳಿದಿದೆ. ನಮ್ಮ ಬೆಂಗಳೂರಿನ ಉತ್ತರದಲ್ಲಿ, ಹೆಸರಘಟ್ಟದ ಹೋಬಳಿಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದ ವಿದ್ವಾಂಸರು ಈ ಅಲೆಗಳ ವ್ಯಾಸಂಗವನ್ನು ಮುಂದುವರಿಸಿದ್ದಾರೆ. ಬೀದರಿನ ಉತ್ತರಕ್ಕೆ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಲೈಗೊದ ಭಾರತೀಯ ಉಪಕರಣವನ್ನು ಕಟ್ಟುವುದಕ್ಕೆ ಕೇಂದ್ರ ಸರ್ಕಾರವು ೨೦೨೩ರಲ್ಲಿ ಪೂರ್ಣ ಮಂಜೂರಾತಿ ಕೊಟ್ಟಿತು. ಅದು ಕಾರ್ಯಾರಂಭ ಮಾಡಿದ ಮೇಲೆ, ಅಲೆ ಬಂದ ದಿಕ್ಕನ್ನು ಈಗಿನದಕ್ಕಿಂತ ಖಚಿತವಾಗಿ ಹೇಳಬಹುದಾಗುತ್ತದೆ.

ಒಂದು ಮಾತನ್ನು ಹೇಳಿ ವಿರಮಿಸುತ್ತೇನೆ. ವಿಶ್ವೇಶ್ವರರು ತೀರಿಕೊಂಡುದು ೨೦೧೭ರ ಜನವರಿ ೧೬ರಂದು. ಬೆಳಕೂ ಗುರುತ್ವವೂ ಜೊತೆಯಾಗಿ ಬಂದ ಆ ಸಂಜೆಗೆ ಇನ್ನೂ ಏಳು ತಿಂಗಳು ಇತ್ತು. ೧೩ ಕೋಟಿ ವರ್ಷ ದಾರಿ ನಡೆದು ಬಂದ ವಾರ್ತೆ, ಅದನ್ನು ಕೇಳಲು ಅತ್ಯಂತ ಅರ್ಹರಾದ ಒಬ್ಬರಿಗೆ ಏಳು ತಿಂಗಳು ತಡವಾಯಿತು. ಆದರೆ ಬರಲಿರುವ ಅಲೆಯನ್ನು ನಂಬಿ, ಅದರ ಸ್ವರ ಹೀಗಿರಬೇಕೆಂದು ಬರೆದಿಟ್ಟು, ಅದು ಬಂದೀತೋ ಬಾರದೋ ಎಂಬ ಚಿಂತೆಗೆ ಎಡೆಗೊಡದೆ ಅವರು ತಮ್ಮ ಕೆಲಸವನ್ನು ಮಾಡಿದರು. ಪ್ರಕೃತಿಯ ಉತ್ತರಕ್ಕೆ ತನ್ನದೇ ಆದ ಒಂದು ವೇಗವುಂಟು. ಅದು ನಮ್ಮ ಆಯುಸ್ಸನ್ನು ಎಣಿಸುವುದಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳಿಟ್ಟು ಹೋಗುವುದು ಮಾತ್ರ ಮನುಷ್ಯನ ಕೈಯಲ್ಲಿದೆ. ನ್ಯೂಟನ್ನನ ಸಂದೇಹಕ್ಕೂ ಲಾಪ್ಲಾಸನ ಲೆಕ್ಕಕ್ಕೂ ಉತ್ತರ ಸಿಕ್ಕಿದ್ದು ಹೀಗೆಯೇ.